ಲೆನ್ಸ್‌ಗೆ ಒಂಬತ್ತು ಸಾವಿರ, ಮನೆ ಬಾಗಿಲಿಗೆ ಬರುವಾಗ ಎಷ್ಟು?

ಪ್ರಶ್ನೆ: ಹಳೇ ಫಿಲ್ಮ್ ಕ್ಯಾಮೆರಾಕ್ಕೆ ಒಂದು ಲೆನ್ಸ್ ಬೇಕಿತ್ತು. ಇಲ್ಲಿ ಎಲ್ಲೂ ಸಿಗಲಿಲ್ಲ, ಜಪಾನಿನ ಒಬ್ಬ ಮಾರಾಟಗಾರನಿಂದ ಆನ್‌ಲೈನ್‌ನಲ್ಲಿ ತರಿಸಿದೆ. ಲೆನ್ಸ್‌ಗೆ 9,000, ಶಿಪ್ಪಿಂಗ್‌ಗೆ 3,000 ರೂಪಾಯಿ ಆಗಲೇ ಕಟ್ಟಿದ್ದೇನೆ. ಈಗ ಕೊರಿಯರ್‌ನವರು ಡ್ಯೂಟಿ ಅಂತ ಮತ್ತೆ ಸಾವಿರಗಟ್ಟಲೆ ಕೇಳುತ್ತಿದ್ದಾರೆ. ಇದು ಮೋಸವಾ? ಮುಂದಿನ ಸಲ ‘ಗಿಫ್ಟ್’ ಅಂತ ಬರೆದು ಕಳಿಸುತ್ತೇನೆ ಅನ್ನುತ್ತಾನೆ ಆ ಮಾರಾಟಗಾರ. ಒಪ್ಪಿಕೊಳ್ಳಲಾ?
(ಶಿವಮೊಗ್ಗದ ಓದುಗರು)

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಡ್ಯೂಟಿ ಮೋಸವಲ್ಲ. ಮಾರಾಟಗಾರ ತೋರಿಸುವ ಶಿಪ್ಪಿಂಗ್ ದುಡ್ಡು ಬರೀ ಸಾಗಣೆಯದ್ದು, ನಮ್ಮ ಸರ್ಕಾರದ ಸುಂಕ ಅದರಲ್ಲಿ ಸೇರಿರುವುದಿಲ್ಲ. ಅದನ್ನು ಆರ್ಡರ್ ಮಾಡುವ ಹೊತ್ತಿಗೇ ಎದ್ದು ಕಾಣುವ ಹಾಗೆ ಹೇಳಬೇಕಿತ್ತು, ಹೇಳುವುದಿಲ್ಲ. ನನ್ನ ತಕರಾರು ಇರುವುದೂ ಅಲ್ಲೇ.

ಲೆಕ್ಕ ಹೇಗೆ ಅಂದರೆ, ಸುಂಕ ಬೀಳುವುದು 9,000ಕ್ಕಲ್ಲ, ಶಿಪ್ಪಿಂಗೂ ಸೇರುತ್ತದೆ. ಆದರೆ ವಿಮಾನದಲ್ಲಿ ಬಂದ ಸಾಮಾನಿಗೆ ಶಿಪ್ಪಿಂಗನ್ನು ಬೆಲೆಯ 20 ಪರ್ಸೆಂಟ್‌ವರೆಗೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಹಾಗಾಗಿ ನಿಮ್ಮದು 10,800ಕ್ಕೆ, ಇನ್ಶೂರೆನ್ಸ್ ಮಾಡಿಸಿದ್ದರೆ ಅದೂ ಸೇರುತ್ತದೆ. ಸುಂಕ ಹಾಕಿದ ಮೇಲೆ ಬಂದ ಒಟ್ಟು ಮೊತ್ತಕ್ಕೆ ಮತ್ತೆ ಐಜಿಎಸ್‌ಟಿ, ಅಂದರೆ ಆಮದಿನ ಮೇಲೆ ಹಾಕುವ ಜಿಎಸ್‌ಟಿ. ಹೀಗೆ ತೆರಿಗೆಯ ಮೇಲೂ ತೆರಿಗೆ. 2025ರ ಬಜೆಟ್‌ಗೆ ಮುಂಚೆ ಸ್ವಂತ ಬಳಕೆಗೆ ತರಿಸಿದ ಇಂಥ ಸಾಮಾನಿಗೆ ಮೂಲ ಸುಂಕ 35 ಪರ್ಸೆಂಟ್, ಆ ಸುಂಕದ ಹತ್ತನೇ ಒಂದು ಭಾಗ ಸೆಸ್, ಆಮೇಲೆ 28 ಪರ್ಸೆಂಟ್ ಐಜಿಎಸ್‌ಟಿ ಇತ್ತು. ನಿಮ್ಮ 10,800ಕ್ಕೆ ಹಾಕಿ ನೋಡಿ, 8,346 ರೂಪಾಯಿ ಬರುತ್ತದೆ. ಹೆಚ್ಚುಕಮ್ಮಿ ಲೆನ್ಸ್‌ನ ಬೆಲೆಯಷ್ಟೇ! ಆಮೇಲೆ ಮೂಲ ಸುಂಕ ಇಳಿಸಿದ್ದಾರೆ, 2025ರ ಸೆಪ್ಟೆಂಬರ್‌ನಲ್ಲಿ 28ರ ಸ್ಲ್ಯಾಬೂ ಹೋಯಿತು. ಹಾಗಾಗಿ ಯಾರೋ ಹೇಳಿದ ಹಳೇ ಲೆಕ್ಕ ಹಿಡಿದುಕೊಂಡು ಕೂರಬೇಡಿ, ಆರ್ಡರ್ ಮಾಡುವ ದಿನದ ದರ ನೋಡಿ.

ಕೊರಿಯರ್ ಬಿಲ್ಲನ್ನು ಮಾತ್ರ ಸಾಲು ಸಾಲಾಗಿ ಓದಿ. ಮೇಲಿನ ಸಾಲುಗಳು ಸರ್ಕಾರದ ಸುಂಕ. ಕೊನೆಗೆ, ನಿಮ್ಮ ಪರವಾಗಿ ಸುಂಕ ಮುಂಗಡ ಕಟ್ಟಿದ್ದಕ್ಕೆ ಕಂಪನಿಯ ಸ್ವಂತ ಫೀಸು ಇರುತ್ತದೆ, ಅದರ ಮೇಲೂ ಜಿಎಸ್‌ಟಿ. ಅದು ಸರ್ಕಾರದ್ದಲ್ಲ, ಯಾಕೆ ಹಾಕಿದ್ದೀರಿ ಅಂತ ಧಾರಾಳವಾಗಿ ಕೇಳಬಹುದು. ಸಣ್ಣ ಸಾಮಾನಿಗೆ ಈ ಫೀಸೇ ಹೊರೆಯಾಗುತ್ತದೆ. ಅಂಚೆಯಲ್ಲಿ ಬಂದರೆ ಸುಂಕವನ್ನು ಪಾರ್ಸೆಲ್ ಕೊಡುವಾಗ ಪೋಸ್ಟ್‌ಮ್ಯಾನ್ ತೆಗೆದುಕೊಳ್ಳುತ್ತಾರೆ. ಸ್ವಲ್ಪ ತಡವಾದರೂ ಪರವಾಗಿಲ್ಲ ಅನ್ನುವವರಿಗೆ ನಾನು ಅಂಚೆಯನ್ನೇ ಹೇಳುತ್ತೇನೆ. ಇನ್ನು ಕಸ್ಟಮ್ಸ್‌ನವರು ಅಂತ ಫೋನ್ ಮಾಡಿ ಯುಪಿಐಗೆ ದುಡ್ಡು ಹಾಕಿ ಅಂದರೆ ಅದು ನಿಜಕ್ಕೂ ಮೋಸ, ಫೋನ್ ಇಟ್ಟುಬಿಡಿ.

‘ಗಿಫ್ಟ್’ ಅಂತ ಬರೆಸುವುದು ಬೇಡವೇ ಬೇಡ. ಒಂದು ಕಾಲದಲ್ಲಿ 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ, ಅದನ್ನೇ ಹಿಡಿದು ಆನ್‌ಲೈನ್ ಅಂಗಡಿಗಳು ಮಾರಿದ ಮಾಲನ್ನೆಲ್ಲ ಉಡುಗೊರೆ ಅಂತ ಕಳಿಸಿದವು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಆ ಬಾಗಿಲು ಹಾಕಿತು, ಈಗ ರಾಖಿ ಮತ್ತು ಜೀವ ಉಳಿಸುವ ಔಷಧಿಗೆ ಮಾತ್ರ ವಿನಾಯ್ತಿ. ಬೆಲೆ ಕಮ್ಮಿ ಬರೆಸಿದರೂ ಅಷ್ಟೇ. ಸಿಕ್ಕಿಬಿದ್ದರೆ ದಂಡ ಕಟ್ಟುವವರು ನೀವು, ಆತ ಅಲ್ಲ. ಪಾರ್ಸೆಲ್ ಕಳೆದುಹೋದರೆ ಪರಿಹಾರ ಸಿಗುವುದೂ ಆ ಕಮ್ಮಿ ಬೆಲೆಗೇ.

ಬದಲಿಗೆ ಆತನ ಹತ್ತಿರ ಡಬ್ಬದ ಅಳತೆ ಕೇಳಿ. ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ನೋಡುತ್ತಾರೆ, ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಹಾಗೆ ಬಂದ ಕಿಲೋ, ನಿಜವಾದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 30, 25, 20ರ ಡಬ್ಬದಲ್ಲಿ 400 ಗ್ರಾಂ ಲೆನ್ಸ್ ಇಟ್ಟರೂ 3 ಕಿಲೋಗೆ ದುಡ್ಡು ಕೊಡಬೇಕು. ಅದೇ 20, 15, 10ರ ಡಬ್ಬವಾದರೆ 600 ಗ್ರಾಂ. ಶಿಪ್ಪಿಂಗ್ ಆ 20 ಪರ್ಸೆಂಟ್‌ಗಿಂತ ಕೆಳಗೆ ಇಳಿದರೆ ಸುಂಕವೂ ಇಳಿಯುತ್ತದೆ, ಅಲ್ವಾ?

ಪ್ರಶ್ನೆ: ಬ್ರಿಟನ್‌ನಿಂದ ಬರಬೇಕಾದ ಪಾರ್ಸೆಲ್ ಎರಡು ತಿಂಗಳಿಂದ ಒಂದೇ ಕಡೆ ನಿಂತಿದೆ. ಮಾರಾಟಗಾರರು ಇನ್ನೂ ಸ್ವಲ್ಪ ಕಾಯಿರಿ ಅನ್ನುತ್ತಲೇ ಇದ್ದಾರೆ.
(ಹುಬ್ಬಳ್ಳಿಯ ಓದುಗರು)

ಉತ್ತರ: ಮೊದಲು ಟ್ರ್ಯಾಕಿಂಗ್ ನಂಬರ್ ನೋಡಿ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಜಿಬಿ ಅಂತ ಇದ್ದರೆ ಅದು ಅಂಚೆಯ ಪಾರ್ಸೆಲ್. ಭಾರತಕ್ಕೆ ಬಂದ ಮೇಲೆ ಇಂಡಿಯಾ ಪೋಸ್ಟ್ ಸೈಟ್‌ನಲ್ಲೂ ಅದೇ ನಂಬರ್ ಹಾಕಿ ನೋಡಬಹುದು. ಅಲ್ಲಿ ಏನೂ ಕಾಣದಿದ್ದರೆ ಹುಡುಕಿಸುವ ಅರ್ಜಿ ಹಾಕಬೇಕಾದವರು ಕಳಿಸಿದವರು, ಸುಮ್ನೆ ನಿಮ್ಮನ್ನು ನಿಮ್ಮೂರ ಪೋಸ್ಟ್ ಆಫೀಸಿಗೆ ಅಲೆಸುವುದು ಸರಿಯಲ್ಲ. ಅವರ ‘ಕಾಯಿರಿ’ಯನ್ನು ನಂಬಿ ಕೂರಬೇಡಿ, ಅಷ್ಟರಲ್ಲಿ ದೂರು ಕೊಡುವ ಗಡುವೇ ಮುಗಿದಿರುತ್ತದೆ. ಪೇಪಾಲ್‌ನಲ್ಲಿ ಕಟ್ಟಿದ್ದರೆ ದೂರು ಕೊಡಲು ದುಡ್ಡು ಕೊಟ್ಟ ದಿನದಿಂದ 180 ದಿನ ಇರುತ್ತದೆ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿಗೆ ಇವತ್ತೇ ಬರೆದು ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ದುಡ್ಡು ವಾಪಸ್ ಕೊಡಿಸಲು ಕೇಳಿ, ಆರ್ಡರ್‌ನ ಪ್ರತಿ, ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್, ಅವರ ಮೆಸೇಜು ಎಲ್ಲ ಲಗತ್ತಿಸಿ.

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇವೆ. ಬೆಂಗಳೂರಿನಿಂದ ಸೀರೆ, ಕನ್ನಡ ಪುಸ್ತಕ ತರಿಸುತ್ತಿದ್ದೆವು, ಮೊದಲು ಏನೂ ತಕರಾರು ಇರಲಿಲ್ಲ. ಈಗ ಸುಂಕ ಕಟ್ಟಿ ಅನ್ನುತ್ತಾರೆ, ಯಾಕೆ ಹೀಗೆ?

ಉತ್ತರ: ಮೊದಲು ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯ್ತಿ ಹೋಯಿತು. ಸುಂಕ ಯಾರು ವಸೂಲಿ ಮಾಡಬೇಕು ಅನ್ನುವುದೇ ಗೊತ್ತಾಗದೆ ಇಂಡಿಯಾ ಪೋಸ್ಟ್ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ಕೆಲವು ವಾರ ನಿಲ್ಲಿಸಿತ್ತು, ಅಕ್ಟೋಬರ್‌ನಲ್ಲಿ ಮತ್ತೆ ಶುರುವಾಯಿತು. ಅಚ್ಚಾದ ಪುಸ್ತಕಕ್ಕೆ ಅಲ್ಲಿ ಸುಂಕವಿಲ್ಲ. ಆದ್ದರಿಂದ ಪುಸ್ತಕವನ್ನೂ ಸೀರೆಯನ್ನೂ ಒಂದೇ ಡಬ್ಬದಲ್ಲಿ ಹಾಕಿಸಬೇಡಿ, ಬೇರೆ ಬೇರೆ ಕಳಿಸಲು ಅಂಗಡಿಯವರಿಗೆ ಹೇಳಿ.

ಪ್ರಶ್ನೆ: ವಿದೇಶಿ ಹೂವಿನ ಬೀಜ ತರಿಸಬಹುದಾ?
(ಸಾಗರದ ಓದುಗರು)

ಉತ್ತರ: ಆಮದು ಪರ್ಮಿಟ್ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೇಡ. ಒಂದು ಹೊಸ ರೋಗ ಬಂದರೆ ಸುತ್ತಮುತ್ತಲ ತೋಟಗಳಿಗೂ ತಗಲುತ್ತದೆ. ನಿಮ್ಮ ಹತ್ತಿರದ ತೋಟಗಾರಿಕೆ ಇಲಾಖೆಯ ನರ್ಸರಿಯಲ್ಲಿ ಮೊದಲು ವಿಚಾರಿಸಿ.