ದಿನಕ್ಕೆ ಹತ್ತು ಇಂಗ್ಲಿಷ್ ಪದ, ಕನ್ನಡ ಅರ್ಥದ ಜೊತೆ ಬಾಯಿಪಾಠ ಮಾಡಿದರೆ ಇಂಗ್ಲಿಷ್ ಬರುತ್ತಾ? ಯಾವ ಆಪ್ ಒಳ್ಳೆಯದು?

ನಾನೂ ಹೀಗೇ ಮಾಡಿದ್ದೆ. ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. 'ಬೈ' (by) ಎದುರು 'ಇಂದ' ಅಂತ ಬರೆದು ಮುಂದಿನ ಪದಕ್ಕೆ ಹೋಗಿದ್ದೆ.

ಆಮೇಲೆ ಗಾರ್ಮೆಂಟ್ಸ್ ಕೆಲಸ ಸಿಕ್ಕಿತು. ಬಯರ್ ಕಳಿಸೋ ಮೇಲ್ ಓದಿ ಸ್ಯಾಂಪಲ್ ಸೆಕ್ಷನ್ನಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಒಂದು ಶರ್ಟಿನ ಜೇಬಿನ ಫ್ಲಾಪ್ 5 ಸೆಂ.ಮೀ. ಇತ್ತು. 'ರೆಡ್ಯೂಸ್ ಬೈ 2 ಸೆಂ.ಮೀ.' ಅಂತ ಮೇಲ್ ಬಂತು. ನಾನು ಮಾಸ್ಟರ್‌ಗೆ "ಎರಡು ಸೆಂಟಿಮೀಟರ್‌ಗೆ ಇಳಿಸಿ ಅಣ್ಣಾ" ಅಂದೆ. ಆದರೆ ಬಯರ್ ಹೇಳಿದ್ದು 2 ಕಮ್ಮಿ ಮಾಡಿ ಅಂತ. 5ರಲ್ಲಿ 2 ಕಳೆದರೆ 3 ಉಳಿಯಬೇಕು. 2ಕ್ಕೇ ಇಳಿಸಬೇಕಿದ್ದರೆ 'ರೆಡ್ಯೂಸ್ ಟು' ಅಂತಿರುತ್ತಿತ್ತು. ಸಂತೆಯಲ್ಲಿ "ಹತ್ತು ರೂಪಾಯಿ ಇಳಿಸಿ" ಅನ್ನೋದಕ್ಕೂ "ಹತ್ತು ರೂಪಾಯಿಗೆ ಇಳಿಸಿ" ಅನ್ನೋದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ? ಅದೇ ಇದು. ಕನ್ನಡದಲ್ಲಿ 'ಗೆ' ಇದ್ದ ಕಡೆ ಇಂಗ್ಲಿಷಿನಲ್ಲಿ 'ಟು', ಇಲ್ಲದ ಕಡೆ 'ಬೈ'. ನನ್ನ ಮಾತು ಕೇಳಿ 2ಕ್ಕೆ ಇಳಿಸಿದ ಫ್ಲಾಪಿನಲ್ಲಿ ಕಾಜಾ ಹಾಕೋಕೂ ಜಾಗ ಉಳಿಯಲಿಲ್ಲ. ಕತ್ತರಿಸಿದ ಬಟ್ಟೆ ಮತ್ತೆ ಉದ್ದ ಆಗುತ್ತಾ? ಎಲ್ಲಾ ಸ್ಯಾಂಪಲ್ ಮತ್ತೆ ಹೊಲಿಸಿ ಕಳಿಸಬೇಕಾಯಿತು. ಆ ಕೊರಿಯರ್ ಖರ್ಚು ನನ್ನ ಸಂಬಳದಲ್ಲೇ ಹಿಡಿದರು.

ಹಾಗಾಗಿ ಪಟ್ಟಿ ಬೇಡ ಅಂತ ನೇರವಾಗಿ ಹೇಳ್ತೀನಿ. ದೊಡ್ಡ ಪದಗಳ ಕಾಟ ಜಾಸ್ತಿ ಇರಲ್ಲ. 'ರೆಫ್ರಿಜರೇಟರ್' ಎಲ್ಲಿ ಬಂದರೂ ಫ್ರಿಜ್ಜೇ. ತೊಂದರೆ ಕೊಡೋದು ಚಿಕ್ಕವೇ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ 'ಸೆಟ್' ಅನ್ನೋ ಕ್ರಿಯಾಪದ ಒಂದಕ್ಕೇ 430 ಅರ್ಥ ಕೊಟ್ಟಿದ್ದಾರೆ. ಅದರ ಎದುರು ಯಾವ ಒಂದು ಕನ್ನಡ ಪದ ಬರೀತೀರಿ?

ನನ್ನ 'ಬೈ'ಯನ್ನೇ ನೋಡಿ. 'ಬೈ ಫ್ರೈಡೇ' ಅಂದರೆ ಶುಕ್ರವಾರದೊಳಗೆ ಮುಗಿಸಿ ಕೊಡಿ ಅಂತ. 'ಟಿಲ್ ಫ್ರೈಡೇ' ಅಂದರೆ ಶುಕ್ರವಾರದ ತನಕ ಮಾಡ್ತಾ ಇರಿ ಅಂತ. ಬೆಂಗಳೂರಿನ ಹೋಟೆಲಿನಲ್ಲಿ 'ಬೈ ಟೂ ಕಾಫಿ' ಅಂದರೆ ಒಂದು ಕಾಫಿ ಎರಡು ಲೋಟಕ್ಕೆ, ಅಂದರೆ ಭಾಗಾಕಾರ. ಅದೇ ಊರಲ್ಲಿ '30 ಬೈ 40 ಸೈಟ್' ಅಂದರೆ ಗುಣಾಕಾರ, 1,200 ಚದರ ಅಡಿ! ನಿಮಗೂ ಇವೆಲ್ಲ ಗೊತ್ತಿರೋದೇ. ಯಾವ ಪಟ್ಟಿ ನೋಡಿ ಕಲಿತಿರಿ ಹೇಳಿ?

ಆಪ್ ಯಾವುದಾದರೂ ನಡೆಯುತ್ತೆ. ಸುಮ್ನೆ ಪದ ಬರೆದುಕೊಳ್ಳೋ ಬದಲು ಅದು ಬಂದ ಇಡೀ ವಾಕ್ಯ ಬರೆದುಕೊಳ್ಳಿ. ಆಫೀಸ್ ಮೇಲ್‌ನಲ್ಲಿ ಅಂಕಿಯ ಹಿಂದೆ 'ಬೈ', 'ಟು' ಕಂಡರೆ ಕೆಲಸ ಶುರು ಮಾಡೋ ಮೊದಲು ತಿರುಗಿ ಕೇಳಿ: ಕೊನೆಗೆ ಎಷ್ಟು ಉಳಿಯಬೇಕು, 3 ತಾನೇ?