‘ಟ್ವೀಕ್’ ಅಂದರೆ ಎಷ್ಟು? ಚಾಕಣಕ್ಕೆ ಹೊಸದಾಗಿ ಬಂದ ತಮ್ಮನಿಗೆ

ತಮ್ಮಾ, ಗದಗ ಬಿಟ್ಟು ಪುಣೆ ಹತ್ತಿರದ ಚಾಕಣದ ಕಂಪನಿಗೆ ಸೇರಿದ್ದೀಯ, ಸಂತೋಷ. ನೀನು ಕೇಳಿದ್ದು ಎರಡು ಪ್ರಶ್ನೆ. ಇಂಗ್ಲೆಂಡಿನ ಕಸ್ಟಮರ್ ಮೇಲ್‌ನಲ್ಲಿ ‘ಪ್ಲೀಸ್ ಟ್ವೀಕ್ ದ ಬ್ರಾಕೆಟ್ ಸ್ಲೈಟ್ಲಿ’ ಅಂತ ಬರೆದಿದ್ದಾರೆ, ಇದಕ್ಕೂ ಅಡ್ಜಸ್ಟ್, ಮಾಡಿಫೈಗೂ ಏನು ವ್ಯತ್ಯಾಸ ಅನ್ನೋದು ಒಂದು. ಪುಣೆಯಲ್ಲಿ ನಮ್ಮ ಕಡೆಯವರ ಬದುಕು ಹೇಗೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೇ ಜಾಸ್ತಿ ಬರೆಯುತ್ತೇನೆ. ಊರು ತಾನಾಗಿ ರೂಢಿಯಾಗುತ್ತದೆ, ಮೇಲ್‌ಗೆ ಉತ್ತರ ಮಾತ್ರ ನೀನೇ ಹಾಕಬೇಕು.

ಹೆಚ್ಚು ಕಡಿಮೆ ಸರಿಯಾಗಿಯೇ ಇರುವುದನ್ನು ಇನ್ನೊಂದು ಚೂರು ತಿದ್ದುವುದು ಟ್ವೀಕ್. ಹಳೆಯ ಅರ್ಥ ಚಿವುಟಿ ತಿರುಚುವುದು. ಮೂಗು, ಕಿವಿ ಹಿಂಡುವುದಕ್ಕೆ ಇಂಗ್ಲಿಷಿನವರು ಈಗಲೂ ಅದೇ ಪದ ಬಳಸುತ್ತಾರೆ. ಯಂತ್ರ, ನಕ್ಷೆ, ಸಾಫ್ಟ್‌ವೇರ್ ತಿದ್ದುವ ಅರ್ಥ ಸೇರಿದ್ದು 20ನೇ ಶತಮಾನದಲ್ಲಿ. ಎರಡು ಬೆರಳಲ್ಲಿ ಮುಗಿಯುವ ಕೆಲಸ ಅನ್ನುವ ಭಾವ ಮಾತ್ರ ಹಾಗೇ ಉಳಿದಿದೆ.

ಡಿಕ್ಷನರಿ ಮುಚ್ಚಿಟ್ಟು ಒಮ್ಮೆ ನಿಮ್ಮ ಶಾಪ್ ಫ್ಲೋರ್‌ಗೆ ಇಳಿ. ಸಿಎನ್‌ಸಿ ಲೇತ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರದ ಮುಂದೆ ಹತ್ತು ನಿಮಿಷ ನಿಲ್ಲು. ಡ್ರಾಯಿಂಗ್‌ನಲ್ಲಿ ಶಾಫ್ಟ್ ವ್ಯಾಸ 25 ಮಿ.ಮೀ., ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆದರೂ ನಡೆಯುತ್ತದೆ ಅನ್ನುವ ಮಿತಿ) ಪ್ಲಸ್ ಮೈನಸ್ 0.02 ಅಂತ ಇಟ್ಟುಕೋ. ಪೀಸ್ ಮೇಲೆ ಪೀಸ್ ತೆಗೆಯುತ್ತಾ ಹೋದ ಹಾಗೆ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ತುದಿ, ಸವೆಯುತ್ತದೆ, ವ್ಯಾಸ ಮೆಲ್ಲಗೆ ಏರುತ್ತದೆ. ಆಪರೇಟರ್ ಮೈಕ್ರೋಮೀಟರ್ ಹಿಡಿದು ನೋಡುತ್ತಾನೆ: 25.015. ಪೀಸ್ ಇನ್ನೂ ಪಾಸ್, ಆದರೆ ಅಂಚಿಗೆ ಬಂದಿದೆ. ಅವನು ಪ್ರೋಗ್ರಾಂ ಮುಟ್ಟುವುದಿಲ್ಲ. ಟೂಲಿನ ಸ್ಥಾನ ತಿದ್ದುವ ಆಫ್‌ಸೆಟ್ ಪೇಜ್ ತೆರೆದು, ಆ ಟೂಲಿನ ವೇರ್ (ಸವೆತ) ಕಾಲಂನಲ್ಲಿ ಎಕ್ಸ್, ಅಂದರೆ ವ್ಯಾಸದ ಎದುರು ಮೈನಸ್ 0.015 ಕೂಡಿಸುತ್ತಾನೆ. ಮುಂದಿನ ಪೀಸ್ 25ರ ಹತ್ತಿರ ಬಂದು ಕೂರುತ್ತದೆ. ಪಕ್ಕದ ಮರಾಠಿ ಹುಡುಗ ಇದನ್ನೇ ‘ಥೋಡಂ ಕಮೀ-ಜಾಸ್ತ ಕರ’, ಸ್ವಲ್ಪ ಹೆಚ್ಚು ಕಡಿಮೆ ಮಾಡು, ಅನ್ನುತ್ತಾನೆ. ಇದು ಅಸಲಿ ಟ್ವೀಕ್. ಡ್ರಾಯಿಂಗ್ ಬದಲಾಗಿಲ್ಲ, ಯಾರ ಸಹಿಯೂ ಬೇಕಾಗಿಲ್ಲ.

ಅದೇ ಶಾಫ್ಟನ್ನು 24ಕ್ಕೆ ಇಳಿಸು ಅಂದರೆ ಅದು ಮಾಡಿಫಿಕೇಶನ್. ಆಗ ಡ್ರಾಯಿಂಗ್‌ನ ರಿವಿಷನ್ ನಂಬರ್ (ಎಷ್ಟನೇ ತಿದ್ದುಪಡಿ ಅನ್ನುವ ಗುರುತು) ಏರಬೇಕು, ಬೇರಿಂಗ್ ಬದಲಾಗಬಹುದು, ರೇಟ್ ಕೂಡ ಮತ್ತೆ ಮಾತಾಡಬೇಕಾಗಬಹುದು. ಮುರಿದದ್ದನ್ನು ಸರಿಮಾಡಿದರೆ ಫಿಕ್ಸ್. ಪೂರ್ತಿ ಬಿಚ್ಚಿ ಕಟ್ಟಿದರೆ ಓವರ್‌ಹಾಲ್. ನೀನು ಗದಗದವನು, ತಂಬೂರಿ ಶ್ರುತಿ ಮಾಡುವುದನ್ನು ನೋಡಿರುತ್ತೀಯ. ಬಿರಡೆ ತಿರುಗಿಸಿ ಸ್ವರವನ್ನು ಹತ್ತಿರಕ್ಕೆ ತರುತ್ತಾರೆ, ಆಮೇಲೆ ತಂತಿಯ ಮಣಿಯನ್ನು ಒಂದು ಗುಲಗಂಜಿಯಷ್ಟು ಸರಿಸುತ್ತಾರೆ. ಮಣಿ ಸರಿಸುವುದು ಟ್ವೀಕ್, ಬಿರಡೆ ತಿರುಗಿಸುವುದಲ್ಲ.

ಬಳಕೆ ಬಗ್ಗೆಯೂ ಹೇಳಿಬಿಡುತ್ತೇನೆ. ಏನನ್ನು ಅಂತ ನೇರವಾಗಿ ಮುಂದಿಡಬೇಕು: ‘ಐ ಟ್ವೀಕ್ಡ್ ದ ಡಿಸೈನ್’. ನಡುವೆ ‘ವಿತ್’ ತುರುಕಬೇಡ, ನಮ್ಮವರು ಸುಮ್ನೆ ಸೇರಿಸ್ತಾರೆ. ‘ಎ ಫ್ಯೂ ಟ್ವೀಕ್ಸ್’ ಅಂತ ನಾಮಪದವಾಗಿಯೂ ನಡೆಯುತ್ತದೆ. ಬಸ್ಸಿನಲ್ಲಿ ಜಾಗ ಕೇಳುವಾಗ ನಾವು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಅನ್ನುತ್ತೇವಲ್ಲ, ಅಲ್ಲಿ ಟ್ವೀಕ್ ನಡೆಯುವುದಿಲ್ಲ. ಮನುಷ್ಯರು ಪರಿಸ್ಥಿತಿಗೆ ಹೊಂದಿಕೊಳ್ಳುವುದು ಅಡ್ಜಸ್ಟ್. ‘ಐ ಟ್ವೀಕ್ಡ್ ಮೈ ಬ್ಯಾಕ್’ ಅಂತ ಯಾರಾದರೂ ಫೋನಲ್ಲಿ ಅಂದರೆ ಬೆನ್ನು ಉಳುಕಿದೆ ಅಂತ ಅರ್ಥ, ರಜೆ ಕೊಡು. ಅಮೆರಿಕದವರ ಜೊತೆ ಮಾತಾಡುವಾಗ ಯಾರನ್ನೂ ‘ಟ್ವೀಕರ್’ ಅನ್ನಬೇಡ. ಅಲ್ಲಿ ಅದು ಮಾದಕ ವಸ್ತು ಸೇವಿಸುವವನಿಗೆ ಹೇಳುವ ಬೀದಿ ಮಾತು.

ಈಗ ನಿನ್ನ ಮೇಲ್ ವಿಷಯ. ಅರ್ಥ ಗೊತ್ತಾದರೂ ಇಲ್ಲಿ ಸಿಕ್ಕಿಹಾಕಿಕೊಳ್ಳುವವರೇ ಜಾಸ್ತಿ. ಇಂಗ್ಲೆಂಡಿನವರು ಕೇಳುವುದನ್ನು ಸಣ್ಣದು ಮಾಡಿ ಕೇಳುತ್ತಾರೆ, ಅದು ಅವರ ಮರ್ಯಾದೆ. ‘ಸ್ಲೈಟ್ಲಿ’ ಅಂದದ್ದು ನಿಜವಾಗಿಯೂ ಅರ್ಧ ಮಿಲಿಮೀಟರ್ ಇರಬಹುದು. ಹೊಸ ಡೈ (ಅಚ್ಚು) ಮಾಡಿಸಬೇಕಾದ ಬದಲಾವಣೆಯೂ ಇರಬಹುದು! ಅದಕ್ಕೇ ‘ಶೂರ್, ವಿಲ್ ಡೂ’ ಅಂತ ಬರೆದು ಕಳಿಸಬೇಡ. ಯಾವ ಅಳತೆ, ಎಷ್ಟು, ರಿವಿಷನ್ ನಂಬರ್ ಏರುತ್ತದೆಯೋ ಇಲ್ಲವೋ, ಈ ಮೂರನ್ನೂ ಕೇಳು. ‘ವಿಚ್ ಡೈಮೆನ್ಷನ್, ಅಂಡ್ ಬೈ ಹೌ ಮಚ್?’ ಅಂತ ಕೇಳಿದರೆ ಯಾರೂ ನಿನ್ನನ್ನು ದಡ್ಡ ಅನ್ನುವುದಿಲ್ಲ. ಉತ್ತರದಲ್ಲಿ ಅಂಕಿ ಬಂದಿಲ್ಲ ಅಂದರೆ ಡ್ರಾಯಿಂಗ್ ಮೇಲೆ ಗುರುತು ಮಾಡಿ ಕಳಿಸಿ ಅನ್ನು. ನಿಮ್ಮ ಮ್ಯಾನೇಜರ್ ಬಾಯಲ್ಲಿ ‘ಛೋಟಾಸಾ ಟ್ವೀಕ್ ಹೈ’ ಅಂತ ಬಂದಾಗಲಂತೂ, ವಿಶೇಷವಾಗಿ ಶುಕ್ರವಾರ ಸಂಜೆ, ಖಂಡಿತ ಕೇಳು. ಆ ಮಾತಿಗೆ ನಾನು ಇವತ್ತಿಗೂ ಬೆಲೆ ಕೊಡುವುದಿಲ್ಲ.

ಇನ್ನು ಊರಿನ ವಿಷಯ. ನಮ್ಮ ಕಡೆಯವರಿಗೆ ಪುಣೆ ಅಷ್ಟೇನೂ ಪರವೂರಲ್ಲ. ಜೋಳದ ರೊಟ್ಟಿ ಇಲ್ಲಿ ಭಾಕರಿ ಅನ್ನುವ ಹೆಸರಲ್ಲಿ ಸಿಗುತ್ತದೆ, ಜೊತೆಗೆ ಕೊಡುವ ಠೇಚಾ, ಅಂದರೆ ಮೆಣಸಿನಕಾಯಿ ಚಟ್ನಿ, ನಮ್ಮ ಖಾರಕ್ಕೆ ಏನೂ ಕಡಿಮೆಯಿಲ್ಲ. ಎರಂಡವಣೆ ಕಡೆ ಕನ್ನಡ ಸಂಘದವರ ಶಾಲೆ ಇದೆ. ಡಿಸೆಂಬರ್‌ನಲ್ಲಿ ಸವಾಯಿ ಗಂಧರ್ವ ಸಂಗೀತೋತ್ಸವಕ್ಕೆ ಹೋಗು. ನಿಮ್ಮ ಜಿಲ್ಲೆಯ ಗಾಯಕ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಶುರುಮಾಡಿದ್ದು. ಅಲ್ಲಿ ಧಾರವಾಡ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡಬೇಡ.

ಮರಾಠಿ ಬೇಗ ಕಲಿ. ಮೊದಲು ಮೂರೇ ಮಾತು ಸಾಕು: ಬಸ್ಸಲ್ಲಿ ಜಾಗಕ್ಕೆ ‘ಥೋಡಂ ಸರಕಾ’, ಒಪ್ಪಿಗೆಗೆ ‘ಚಾಲೇಲ್’, ಗೊತ್ತಾಗದಿದ್ದರೆ ‘ಪರತ್ ಸಾಂಗಾ’. ರೂಮ್ ಮಾಡುವಾಗ ಬಾಡಿಗೆ ಒಂದನ್ನೇ ನೋಡಬೇಡ. ಚಾಕಣದ ನಾಸಿಕ್ ರಸ್ತೆಯಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ಲಾರಿಗಳ ಸಾಲು ಅಲುಗಾಡುವುದಿಲ್ಲ. ಮೋಶಿಯಲ್ಲಿ ರೂಮ್ ಚೆನ್ನಾಗಿ ಸಿಗುತ್ತದೆ, ಆದರೆ ಕಂಪನಿ ಬಸ್ ಎಲ್ಲಿ ನಿಲ್ಲುತ್ತದೆ ಅಂತ ವಿಚಾರಿಸಿಕೊಂಡೇ ಡಿಪಾಸಿಟ್ ಕೊಡು.