ಯಾವುದಕ್ಕೆ ಮಾತು, ಯಾವುದಕ್ಕೆ ಸ್ವಿಚ್ಚು?

ಪ್ರಶ್ನೆ: ಕಾಪು ಹತ್ತಿರ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಸಾರಣೆ ಆಗಿಲ್ಲ. ದುಬೈಯಲ್ಲಿರುವ ಮಗ ಲೈಟು, ಗೀಸರ್, ಬಾವಿಯ ಪಂಪು, ಬಾಗಿಲು ಎಲ್ಲವೂ ಮಾತಿನಲ್ಲೇ ನಡೆಯಲಿ ಅನ್ನುತ್ತಾನೆ. ಮನೆಯಲ್ಲಿರುವುದು ನಾವಿಬ್ಬರು ಮತ್ತು ತುಳು ಬಿಟ್ಟು ಬೇರೆ ಮಾತಾಡದ ನನ್ನ ಅತ್ತೆ. ಯಾವುದನ್ನು ಮಾಡಿಸಲಿ, ಯಾವುದನ್ನು ಬಿಡಲಿ?
– ಓದುಗರು, ಕಾಪು

ಉತ್ತರ: ಮಗನಿಗೆ ಬೇಡ ಅನ್ನಬೇಡಿ, ಎಲ್ಲದಕ್ಕೂ ಹೂಂ ಅನ್ನಲೂ ಬೇಡಿ. ಈಗಿರುವ ಮನೆಯಲ್ಲೇ ಒಂದು ವಾರ ಗಮನಿಸಿ: ನೀವು ದಿನಾ ಮರೆಯುವುದು ಏನನ್ನು, ಕೈ ಖಾಲಿ ಇಲ್ಲದಾಗ ಬೇಕಾಗುವುದು ಏನು. ಮರೆಯುವ ಕೆಲಸಕ್ಕೆ ಮಾತಿನಿಂದ ಪ್ರಯೋಜನವಿಲ್ಲ, ಪಂಪ್ ಮರೆತವರು ಪಂಪ್ ನಿಲ್ಲಿಸು ಅನ್ನುವುದನ್ನೂ ಮರೆಯುತ್ತಾರೆ ಅಲ್ವಾ? ಅದಕ್ಕೆ ಸೆನ್ಸರ್ ಅಥವಾ ಟೈಮರ್ ಬೇಕು. ಮೀನು ಕೊಯ್ಯುತ್ತಾ ಕೂತಿದ್ದೀರಿ, ಕತ್ತಲಾಯಿತು, ಲೈಟು ಬೇಕು. ಮಾತು ಚಂದ ಇರುವುದು ಅಲ್ಲಿ.

ಪಂಪಿನ ಖರ್ಚು ಮೊದಲು ಮಾಡಿ. ಟ್ಯಾಂಕಿಗೆ ನೀರು ತುಂಬಿದಾಗ ಪಂಪ್ ತಾನೇ ನಿಲ್ಲಿಸುವ ಒಂದು ಫ್ಲೋಟ್ ಸ್ವಿಚ್, ಏಪ್ರಿಲ್-ಮೇಯಲ್ಲಿ ಬಾವಿ ತಳ ಕಂಡಾಗ ಮೋಟಾರ್ ಸುಡದಂತೆ ಡ್ರೈ ರನ್ ರಕ್ಷಣೆ. ಇವೆರಡಕ್ಕೂ ಇಂಟರ್ನೆಟ್ಟೇ ಬೇಡ. ಮೇಲಿಂದ ಮಗನಿಗೆ ದುಬೈಯಿಂದ ಪಂಪ್ ಹಾಕುವ ಆಸೆ ಇದ್ದರೆ ಹಾಕಲಿ, ಆದರೆ ಸಣ್ಣ ಸ್ಮಾರ್ಟ್ ಪ್ಲಗ್ ಮೂಲಕ ಬೇಡ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಪ್ಲಗ್ಗಿನೊಳಗೆ ಕರೆಂಟ್ ಬಿಡುವ, ತಡೆಯುವ ಪುಟ್ಟ ಸ್ವಿಚ್ಚು ‘ರಿಲೇ’ ಅಂಟಿಕೊಂಡಿತು ಅಂದರೆ ಫೋನಿನಲ್ಲಿ ಆಫ್ ಅಂತ ತೋರಿಸುತ್ತದೆ, ಪಂಪ್ ಮಾತ್ರ ಓಡುತ್ತಲೇ ಇರುತ್ತದೆ. ನಡುವೆ ಮೋಟಾರಿನ ಕರೆಂಟ್ ತಡೆದುಕೊಳ್ಳುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಹಾಕಿಸಿ.

ಗೀಸರನ್ನು ಮಾತಿನಲ್ಲಿ ಹಾಕಬಹುದು, ಆದರೆ ಅರ್ಧ ಗಂಟೆಗೆ ತಾನೇ ಆಫ್ ಆಗುವ ಹಾಗಿರಲಿ. 2000 ವ್ಯಾಟಿನ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ, ಹಾಗಾಗಿ 16 ಆಂಪಿನ ಸ್ವಿಚ್ಚೇ ಬೇಕು. ಬಾಗಿಲು ಬೇಡವೇ ಬೇಡ. ನಮ್ಮ ಸೆಕೆಗೆ ಕಿಟಕಿ ಯಾವಾಗಲೂ ತೆರೆದೇ ಇರುತ್ತದೆ, ಅಂಗಳದಲ್ಲಿ ನಿಂತವರ ಮಾತೂ ಈ ಆಜ್ಞೆ ಕೇಳುವ ಸ್ಪೀಕರಿಗೆ ಕೇಳುತ್ತದೆ. ಪಿನ್ ಇಡಬಹುದು, ನಿಜ. ಆ ಪಿನ್ನನ್ನು ನೆಂಟರ ಎದುರು ಗಟ್ಟಿಯಾಗಿ ಹೇಳುವುದು ಹೇಗೆ?

ಇನ್ನು ಅತ್ತೆ. ಇಂಥ ಸ್ಪೀಕರಿನಲ್ಲಿ ಮಾತು ಕೇಳಿ ಕೆಲಸ ಮಾಡುವ ಅಮೆಜಾನಿನ ಅಲೆಕ್ಸಾ ನಮ್ಮ ದೇಶಕ್ಕೆ ಬಂದದ್ದು 2017ರಲ್ಲಿ, ಹಿಂದಿ ಕಲಿತದ್ದು 2019ರಲ್ಲಿ. ಅತ್ತೆ ‘ಲೈಟ್ ಪಾಡ್ಲೆ’ ಅಂದರೆ ಅದಕ್ಕೆ ತಿಳಿಯದು. ಅವರು ಈ ವಯಸ್ಸಲ್ಲಿ ಇಂಗ್ಲಿಷ್ ಕಲಿಯಬೇಕಾ? ಅವರ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಯಲ್ಲಿ ಚಲನೆ ಕಂಡರೆ ಹೊತ್ತಿಕೊಳ್ಳುವ ಒಂದು ಸಣ್ಣ ದೀಪ ಸಾಕು, ರಾತ್ರಿ ಎದ್ದರೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ಉಳಿದ ಪ್ರತಿಯೊಂದು ಲೈಟಿಗೂ ಗೋಡೆಯ ಸ್ವಿಚ್ಚು ಇರಲೇಬೇಕು. ಮಳೆಗಾಲದಲ್ಲಿ ಒಂದು ತೆಂಗಿನ ಮಡಲು ಕೇಬಲ್ ಮೇಲೆ ಬಿದ್ದರೆ ಇಂಟರ್ನೆಟ್ ಹೋಯಿತು, ಅದರ ಜೊತೆ ಮಾತೂ ಹೋಯಿತು.

ಸಾರಣೆ ಆಗಿಲ್ಲ ಅಂದಿರಲ್ಲ, ಒಳ್ಳೆಯದಾಯಿತು. ಪ್ರತಿ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ವೈರ್ (ಕರೆಂಟ್ ವಾಪಸಾಗುವ ತಂತಿ) ಎಳೆಯಲು ವೈರ್‌ಮನ್‌ಗೆ ಇವತ್ತೇ ಹೇಳಿ, ಬಾಕ್ಸು ಆಳದ್ದೇ ಇರಲಿ. ಹೆಚ್ಚಿನ ಸ್ಮಾರ್ಟ್ ಸ್ವಿಚ್ಚುಗಳಿಗೆ ನ್ಯೂಟ್ರಲ್ ಬೇಕು, ಆಮೇಲೆ ಗೋಡೆ ಕೊರೆಯುವ ಖರ್ಚು ಜಾಸ್ತಿ. ಕೆಂಪು ಕಲ್ಲಿನ ದಪ್ಪ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ, ಹಿಂದಿನ ಕೋಣೆಗೂ ಒಂದು ನೆಟ್‌ವರ್ಕ್ ಕೇಬಲ್ ಎಳೆಸಿಡಿ.

ಪ್ರಶ್ನೆ: ಸುರತ್ಕಲ್‌ನಲ್ಲಿ ಬಾಡಿಗೆ ಮನೆ, ವೈರಿಂಗ್ ಮುಟ್ಟುವಂತಿಲ್ಲ. ಸ್ಮಾರ್ಟ್ ಬಲ್ಬ್ ತಂದೆ. ಮಧ್ಯರಾತ್ರಿ ಕರೆಂಟ್ ಹೋಗಿ ಬಂದರೆ ತಾನೇ ಉರಿಯುತ್ತದೆ! ಎಸಿಯನ್ನೂ ಮಾತಿನಲ್ಲಿ ನಡೆಸಬಹುದಾ?
– ಓದುಗರು, ಸುರತ್ಕಲ್

ಉತ್ತರ: ಬಲ್ಬಿನಲ್ಲಿ ದೋಷ ಇಲ್ಲ. ಕರೆಂಟ್ ಬಂದಾಗ ಏನು ಮಾಡಬೇಕು ಅಂತ ಆ್ಯಪಿನಲ್ಲಿ ಒಂದು ಸೆಟ್ಟಿಂಗ್ ಇರುತ್ತದೆ, ‘ಹಿಂದೆ ಇದ್ದ ಹಾಗೆ’ ಅಂತ ಬದಲಿಸಿ. ಎಸಿಗೆ ಐಆರ್ ಬ್ಲಾಸ್ಟರ್ ಸಿಗುತ್ತದೆ, ರಿಮೋಟಿನ ಸಿಗ್ನಲ್ಲನ್ನೇ ಅದೂ ಕಳಿಸುತ್ತದೆ. ಆದರೆ ಎಸಿ ನಿಜವಾಗಿ ಆಫ್ ಆಯಿತಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮನೆ ಬಿಡುವಾಗ ಒಮ್ಮೆ ನೋಡಿಯೇ ಹೊರಡಿ.

ಪ್ರಶ್ನೆ: ಸಿಡಿಲು ಬರುವಾಗ ‘ಎಲ್ಲ ಆಫ್’ ಅಂದರೆ ಸಾಕಾ?
– ಓದುಗರು, ಬ್ರಹ್ಮಾವರ

ಉತ್ತರ: ಸಾಲದು. ರಿಲೇ ತೆರೆದಾಗ ಒಳಗೆ ಉಳಿಯುವ ಸಂದು ತೀರಾ ಸಣ್ಣದು, ಸಿಡಿಲಿಗೆ ಅದೇನು ಲೆಕ್ಕ? ಮೋಡ ಕಪ್ಪಾಗುವಾಗಲೇ ಟಿವಿ, ರೂಟರ್ ಪ್ಲಗ್ ಕಿತ್ತಿಡಿ, ರೂಟರಿಗೆ ತಾಮ್ರದ ಕೇಬಲ್ ಬರುತ್ತಿದ್ದರೆ ಅದನ್ನೂ ತೆಗೆಯಿರಿ. ಗುಡುಗು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಮನೆಗೆಲ್ಲ ಕರೆಂಟ್ ಹಂಚುವ ಡಿಬಿ ಬೋರ್ಡಿನಲ್ಲಿ, ಹಠಾತ್ತಾಗಿ ಏರುವ ವೋಲ್ಟೇಜನ್ನು ನೆಲಕ್ಕಿಳಿಸುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಅದಕ್ಕೂ ಮೊದಲು ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಅಳತೆ ಮಾಡಿಸಿ.